ನಲವತ್ತನೆಯ ಗಂಟೆ

"ಅಮ್ಮ, ನಮ್ಮ ಹತ್ತಿರ ಬರುವವರು 'ನನಗೆ ಹಗುರವಾಯಿತು, ಇನ್ನು ಸಾಕು' ಎಂದರೆ ಅದನ್ನು ನಂಬಿಬಿಡಬೇಕೇ?" ಎಂದು ಶಿಷ್ಯೆ ಕೇಳಿದಳು.

ಅವಳ ಹೆಸರು ಮಧುಮತಿ. ಆಪ್ತಸಲಹೆಯ ಓದು ಮುಗಿಸಿ ಅಭ್ಯಾಸಕ್ಕೆ ಕುಳಿತವಳು. ನೊಂದವರ ಎದುರು ನಲವತ್ತು ಗಂಟೆ ಕುಳಿತು ಕೇಳಿದ ಮೇಲೆಯೇ ಪ್ರಮಾಣಪತ್ರ ಎಂಬುದು ನಿಯಮ. ಅವಳಿಗೆ ಇನ್ನೂ ಆರು ಗಂಟೆ ಬಾಕಿ ಇತ್ತು. ಜಾಗ ಕೊಟ್ಟವರು ತಿಂಗಳ ಕೊನೆಗೆ ಕೋಣೆ ಬಿಡಲು ಹೇಳಿದ್ದರು. ಅವಳ ಬಳಿ ಬರುತ್ತಿದ್ದವರಲ್ಲಿ ಉಳಿದಿದ್ದವರು ಒಬ್ಬರೇ. ಅವರು ಮೊನ್ನೆ ಸಾಕು ಎಂದಿದ್ದರು.

ಗುರು ದಾಕ್ಷಾಯಿಣಮ್ಮ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬಳು ಕಲಿಯುವವಳಿದ್ದಳು. ಮಕ್ಕಳು ದೊಡ್ಡವರಾದ ಮೇಲೆ ಓದಿಗೆ ಸೇರಿದವಳು. ಅವಳ ಅತ್ತೆಗೆ ಇದು ಸೇರಲಿಲ್ಲ. "ಊರವರ ಗೋಳು ಕೇಳೋಕೆ ಪರೀಕ್ಷೆ ಬೇರೆ ಕಟ್ಟಬೇಕಾ? ನಾನು ಐವತ್ತು ವರ್ಷದಿಂದ ಪುಕ್ಕಟೆ ಕೇಳ್ತಿದೀನಿ" ಎನ್ನುತ್ತಿದ್ದರು. ಗಂಡ ಒಂದು ವರ್ಷ ಎಂದು ಒಪ್ಪಿದ್ದ. ನಲವತ್ತು ಗಂಟೆ ಆ ವರ್ಷದೊಳಗೆ ತುಂಬಬೇಕಿತ್ತು. ತುಂಬದಿದ್ದರೆ ಮತ್ತೆ ಮೊದಲಿಂದ ಸೇರಬೇಕು. ಎರಡನೆಯ ಸಲ ಮನೆಯಲ್ಲಿ ಕೇಳುವ ಧೈರ್ಯ ತನಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಆ ಊರಿನಲ್ಲಿ ನೋವಿಗೆ ಕೊರತೆ ಇರಲಿಲ್ಲ. ಅದನ್ನು ಕೂತು ಕೇಳಲು ಜಾಗವಿರಲಿಲ್ಲ.

ಅವಳು ಒಂದು ಶಾಲೆಗೆ ಹೋದಳು. "ನಮ್ಮ ಮಕ್ಕಳಿಗೆ ಯಾವ ತೊಂದರೆಯೂ ಇಲ್ಲಮ್ಮ" ಎಂದರು ಮುಖ್ಯೋಪಾಧ್ಯಾಯರು. ಅವರ ಕೋಣೆಯ ಹೊರಗೆ ಮೂವರು ಮಕ್ಕಳು ಮೊಣಕಾಲೂರಿದ್ದರು. ಒಂದು ವೃದ್ಧಾಶ್ರಮಕ್ಕೆ ಹೋದಳು. "ಬನ್ನಿ, ಆದರೆ ಬಡಿಸೋಕೂ ಕೈ ಹಾಕಬೇಕು" ಎಂದರು. ಒಂದು ತಿಂಗಳು ಬಡಿಸಿದಳು. ಕೂರಲು ಯಾರೂ ಬಿಡಲಿಲ್ಲ. ಒಂದು ದೊಡ್ಡ ಆಸ್ಪತ್ರೆಗೆ ಹೋದಳು.

"ಅನುಭವ ಇದೆಯಾ?"

"ಅದಕ್ಕೇ ಬಂದಿದ್ದೀನಿ ಸಾರ್."

"ತಗೊಂಡು ಬನ್ನಿ, ಆಮೇಲೆ ನೋಡೋಣ" ಎಂದರು, ಅದು ಎಲ್ಲೋ ಅಂಗಡಿಯಲ್ಲಿ ಸಿಗುವ ಸಾಮಾನೆಂಬಂತೆ.

ಹೀಗೆ ಒಂಬತ್ತು ಬಾಗಿಲು. ಪ್ರತಿ ಸಲವೂ ಅವಳು ಒಂದೇ ಸೀರೆ ಉಟ್ಟು ಹೋಗುತ್ತಿದ್ದಳು. ಬರುಬರುತ್ತಾ ಆ ಸೀರೆಯನ್ನು ಕಣ್ಣಿಗೆ ಬೀಳದಂತೆ ಬಾಗಿಲ ಹಿಂದೆ ತೂಗುಹಾಕತೊಡಗಿದಳು.

ಹತ್ತನೆಯದು ಒಂದು ಸಣ್ಣ ಆಸ್ಪತ್ರೆ. ಅಲ್ಲಿಯ ಡಾಕ್ಟರು, "ನಮ್ಮಲ್ಲಿ ಬರೋರಿಗೆ ಮಾತ್ರೆ ನುಂಗೋಕೇ ಪುರುಸೊತ್ತಿಲ್ಲ, ಮಾತು ಎಲ್ಲಿಂದ ತರ್ತಾರೆ?" ಎಂದು ನಕ್ಕರು. ನಕ್ಕ ಮೇಲೆ ಏನನ್ನಿಸಿತೋ, ಸಲೈನ್ ಬಾಟಲಿ ಇಡುವ ಕೋಣೆಯನ್ನು ಗುರುವಾರದ ಮಧ್ಯಾಹ್ನಕ್ಕೆ ಬಿಟ್ಟುಕೊಟ್ಟರು. ವರ್ಷ ಮುಗಿದ ಕೂಡಲೇ ಖಾಲಿ ಮಾಡಬೇಕೆಂದರು.

ಅವಳು ಎರಡು ಕುರ್ಚಿ ಎದುರುಬದುರು ಹಾಕಿ ಕುಳಿತಳು. ಎಂಟು ಗುರುವಾರ ಯಾರೂ ಬರಲಿಲ್ಲ. ಒಂಬತ್ತನೆಯ ಗುರುವಾರ ಒಬ್ಬ ಮುದುಕ ಒಳಗೆ ಇಣುಕಿ, "ಕಣ್ಣಿನ ಡಾಕ್ಟ್ರು ನೀವೇ ಏನಮ್ಮ?" ಎಂದ. ಅವಳು ಎದ್ದು ದಾರಿ ತೋರಿಸಿದಳು. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಬಂದರು. ಒಮ್ಮೆ ಬಂದವರು ಇನ್ನೊಮ್ಮೆ ಬರುವುದು ಅಪರೂಪವಾಗಿತ್ತು.

ಕೋಣೆ ಸಿಕ್ಕ ನಾಲ್ಕನೆಯ ತಿಂಗಳು ಆಯಾ ಒಬ್ಬ ಹೆಂಗಸನ್ನು ತೋಳು ಹಿಡಿದು ಕರೆತಂದಳು. "ಇಲ್ಲಿ ಕೂತು ಅಳಮ್ಮ. ವರಾಂಡದಲ್ಲಿ ಅತ್ತರೆ ಡಾಕ್ಟ್ರು ನನಗೆ ಬೈತಾರೆ" ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದಳು.

ಆ ಹೆಂಗಸು ಬಟ್ಟೆ ಹೊಲಿಯುವವಳು. ಒಬ್ಬಳೇ ಮಗಳು ಅದೇ ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ಆಮೇಲೆ ಅವಳಿಗೆ ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಎದ್ದವಳು ನೇರ ಆಸ್ಪತ್ರೆಗೆ ಬಂದು ವರಾಂಡದಲ್ಲಿ ಕುಳಿತುಬಿಡುತ್ತಿದ್ದಳು.

ಕಲಿಯುವವಳು ನಿಯಮದಂತೆ ಮೊದಲೇ ಹೇಳಿದಳು. "ನಾನಿನ್ನೂ ಕಲಿಯುತ್ತಿರುವವಳು. ನಿಮಗೆ ಒಪ್ಪಿಗೆಯಾದರೆ ಮಾತ್ರ."

ಹೊಲಿಗೆಯವಳಿಗೆ ಅಳುವಿನ ನಡುವೆಯೂ ನಗು ಬಂತು. "ನಾನೂ ಊರವರ ಬಟ್ಟೆ ಕೆಡಿಸಿಯೇ ಹೊಲಿಗೆ ಕಲಿತದ್ದು, ತಾಯಿ. ಕೂತ್ಕೊಳ್ಳಿ" ಎಂದಳು.

ಅವಳು ಗುರುವಾರ ತಪ್ಪಿಸಲಿಲ್ಲ. ಕಲಿಯುವವಳೂ ಚೆನ್ನಾಗಿಯೇ ಕೇಳಿದಳು. ನಡುವೆ ಬಾಯಿ ಹಾಕಲಿಲ್ಲ, ಸಮಾಧಾನದ ಮಾತು ಹೇಳಿ ಬಾಯಿ ಮುಚ್ಚಿಸಲಿಲ್ಲ. ಬರತೊಡಗಿದ ಮೂರನೆಯ ತಿಂಗಳಿಗೆ ಹೊಲಿಗೆಯವಳು ವರಾಂಡದಲ್ಲಿ ಕೂರುವುದನ್ನು ಬಿಟ್ಟಳು. ನಾಲ್ಕನೆಯ ತಿಂಗಳಿಗೆ ಯಂತ್ರಕ್ಕೆ ಎಣ್ಣೆ ಹಾಕಿದಳು. ಐದನೆಯ ತಿಂಗಳ ಕೊನೆಗೆ ಒಂದು ದಿನ ತಲೆ ಬಾಚಿ, ಕೈಯಲ್ಲಿ ಚೀಲ ಹಿಡಿದು ಬಂದಳು.

"ತಾಯಿ, ಮುಂದಿನ ವಾರದಿಂದ ಬರಲ್ಲ. ಹಬ್ಬ ಹತ್ತಿರ ಬಂತು, ಹದಿನಾಲ್ಕು ರವಿಕೆ ಒಪ್ಪಿಕೊಂಡಿದೀನಿ. ಕೈ ಮೊದಲಿನ ಹಾಗೇ ಓಡ್ತಿದೆ" ಎಂದಳು.

ಕಲಿಯುವವಳಿಗೆ ಸಂತೋಷವಾಯಿತು. ನಿಜವಾಗಿಯೂ ಆಯಿತು. ಅದು ಎರಡು ಉಸಿರಿನಷ್ಟು ಹೊತ್ತು ನಿಂತಿತು. ಆಮೇಲೆ ಗಂಟೆಗಳ ಲೆಕ್ಕ ಬರೆದಿಡುವ ಪುಸ್ತಕದ ಹಾಳೆ ಕಣ್ಣಿಗೆ ಕಟ್ಟಿತು. ಅಂದಿಗೆ ಮೂವತ್ತೊಂದು ಗಂಟೆಯಾಗಿತ್ತು. ಒಂಬತ್ತು ಉಳಿದಿತ್ತು. ವರ್ಷ ಮುಗಿಯಲು ಐದು ವಾರವಿತ್ತು. ಬರುವವರು ಬೇರೆ ಯಾರೂ ಇರಲಿಲ್ಲ.

ಆಗ ಅವಳಿಗೆ ಪಾಠ ನೆನಪಾಯಿತು. ಹಗುರವಾಯಿತು ಎನ್ನುವುದೂ ನೋವನ್ನು ಮುಚ್ಚಿಡುವ ಒಂದು ಬಗೆ ಎಂದು ಪಾಠದಲ್ಲಿತ್ತು. ಅದು ಸುಳ್ಳು ಪಾಠವಲ್ಲ. ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಬಹಳ ಹಿಂದೆ ಹೊಲಿಗೆಯವಳು, "ಅವಳಿಗೆ ಅಂತ ಒಂದು ಲಂಗ ಹೊಲೀತಿದ್ದೆ" ಎಂದು ಶುರುಮಾಡಿ ಬೇರೆ ಮಾತಿಗೆ ಹೊರಳಿದ್ದಳು. ಕಲಿಯುವವಳು ಅದನ್ನು ಬರೆದಿಟ್ಟುಕೊಂಡಿದ್ದಳು.

"ಹೋಗುವ ಮೊದಲು ಒಂದು ಮಾತು" ಎಂದಳು ಮೆಲ್ಲಗೆ. "ಆ ಲಂಗದ ವಿಷಯ ನೀವು ಹೇಳಲೇ ಇಲ್ಲ."

"ಅದನ್ನ ಪೆಟ್ಟಿಗೆ ತಳಕ್ಕೆ ಹಾಕಿಬಿಟ್ಟೆ, ತಾಯಿ. ಅದು ಬೇಡ."

"ಬೇಡ ಅನ್ನಿಸುವುದನ್ನೇ ಹೇಳಿಕೊಳ್ಳಬೇಕು."

ಹೊಲಿಗೆಯವಳು ಅವಳ ಮುಖ ನೋಡಿದಳು. ಓದಿದವಳು. ತನ್ನ ಮಾತನ್ನು ಐದು ತಿಂಗಳು ಬೇಸರಪಡದೆ ಕೇಳಿದವಳು. ಇವಳು ಹೇಳಿದ ಮೇಲೆ ಸರಿಯೇ ಇರಬೇಕು ಎಂದುಕೊಂಡು ಚೀಲ ಕೆಳಗಿಟ್ಟಳು.

ಮುಂದಿನ ಗುರುವಾರದ ಹೊತ್ತಿಗೆ ಅವಳು ಪೆಟ್ಟಿಗೆ ತೆಗೆದಿದ್ದಳು. ಲಂಗದ ಅಂಚು ಅರ್ಧ ಮಡಚಿತ್ತು, ಅರ್ಧಕ್ಕೆ ಸೂಜಿ ಚುಚ್ಚಿದ್ದು ಹಾಗೇ ಇತ್ತು. ಆ ದಿನ ಮಗಳು ಪಕ್ಕದಲ್ಲೇ ಕೂತು, "ಇವತ್ತೇ ಮುಗಿಸಮ್ಮ" ಎಂದು ಜಗ್ಗಿದ್ದಳಂತೆ. ತಾಯಿ ಬೇರೆಯವರ ರವಿಕೆ ಮೊದಲು ಮುಗಿಸೋಣ ಎಂದಿದ್ದಳಂತೆ. ಅಂದೇ ಸಂಜೆ ಜ್ವರ ಬಂದದ್ದು. ಇದನ್ನು ಹೇಳಿದ ಮೇಲೆ ಅವಳಿಗೆ ಬೇರೆಯವರ ರವಿಕೆ ಮುಟ್ಟಲಾಗಲಿಲ್ಲ. ಹದಿನಾಲ್ಕು ಮನೆಗೂ ಹೋಗಿ ಬಟ್ಟೆ ಹಿಂದಕ್ಕೆ ಕೊಟ್ಟು ಬಂದಳು. ವಾರಕ್ಕೆ ಒಂದು ಸಲ ಸಾಲದೆ ಎರಡು ಸಲ ಬಂದಳು. ಡಾಕ್ಟರು ಕೋಣೆಯನ್ನು ಸೋಮವಾರವೂ ಬಿಟ್ಟುಕೊಟ್ಟರು.

ಕಲಿಯುವವಳ ಟಿಪ್ಪಣಿಯನ್ನು ತಿಂಗಳಿಗೊಮ್ಮೆ ಒಬ್ಬ ಮೇಲ್ವಿಚಾರಕರು ಓದುತ್ತಿದ್ದರು. ಅವರು ಆ ತಿಂಗಳ ಪುಟಗಳನ್ನು ಎರಡು ಸಲ ಓದಿದರು. "ಈಗ ನೋಡಿ, ಆಳಕ್ಕೆ ಇಳಿದಿದ್ದೀರಿ" ಎಂದು ಮೆಚ್ಚಿದರು. ಸಹಿ ಹಾಕಿದರು. ಮನೆಗೆ ಹೋಗುವಾಗ ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಗೆದ್ದವಳಿಗೆ ಬರಬೇಕಾದ ಸಂತೋಷ ಬರಲಿಲ್ಲ. ಆಯಾಸಕ್ಕೆ ಇರಬೇಕು ಎಂದುಕೊಂಡಳು.

ನಲವತ್ತನೆಯ ಗಂಟೆಯಲ್ಲಿ ಹೊಲಿಗೆಯವಳು ಪೂರ್ತಿ ಹೊತ್ತು ಅತ್ತಳು. ನಿಲ್ಲಿಸಲು ಕಲಿಯುವವಳಿಗೆ ಮನಸ್ಸಾಗಲಿಲ್ಲ. ಹೇಳಬೇಕಾದ್ದನ್ನು ಹೇಳಲು ಐದು ನಿಮಿಷ ಉಳಿಯಿತು.

"ಮುಂದಿನ ವಾರದಿಂದ ನಾನು ಇಲ್ಲಿರುವುದಿಲ್ಲಮ್ಮ. ನನ್ನ ಅಭ್ಯಾಸ ಮುಗಿಯಿತು."

ಹೊಲಿಗೆಯವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಲಂಗ ಇನ್ನೂ ಹೊರಗೇ ಇದೆ, ತಾಯಿ" ಎಂದಳು. "ನೀವು ಹೇಳಿದಿರಿ ಅಂತ ತೆಗೆದೆ. ಪೆಟ್ಟಿಗೆಗೆ ಹಾಕೋಕೆ ಹೋದರೆ ಕೈ ಬರ್ತಿಲ್ಲ. ಅದನ್ನ ಈಗ ಎಲ್ಲಿಡಲಿ?"

ಕಲಿಯುವವಳು ಪಾಠದಲ್ಲೆಲ್ಲ ಹುಡುಕಿದಳು. ಇದಕ್ಕೆ ಅಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಆಯಾ ಬಾಗಿಲು ತಟ್ಟಿ, ಸಲೈನ್ ಪೆಟ್ಟಿಗೆಗಳು ಬಂದಿವೆ, ಕೋಣೆ ಬೇಕು ಎಂದಳು. ಇಬ್ಬರೂ ಎದ್ದು ಹೊರಗೆ ಬಂದರು. ಒಬ್ಬಳು ಬಸ್ ನಿಲ್ದಾಣದ ಕಡೆ ಹೋದಳು. ಇನ್ನೊಬ್ಬಳು ವರಾಂಡದಲ್ಲಿ ಕುಳಿತಳು.

ದಾಕ್ಷಾಯಿಣಮ್ಮ ಅಷ್ಟಕ್ಕೆ ನಿಲ್ಲಿಸಿದರು.

ಆ ಕಲಿಯುವವಳ ಪರ ಯಾರಾದರೂ ಒಂದು ಮಾತು ಆಡಲೇಬೇಕು ಎಂದು ಮಧುಮತಿಗೆ ಅನ್ನಿಸಿತು.

"ಆದರೂ ಅಮ್ಮ, ಆ ನೋವು ಒಳಗೆ ಇದ್ದದ್ದು ಸುಳ್ಳಲ್ಲವಲ್ಲ" ಎಂದಳು. "ಅವಳು ಇಲ್ಲದ್ದನ್ನು ಹುಟ್ಟಿಸಲಿಲ್ಲ. ಅದು ಕಂಡಿತು, ಅದಕ್ಕೇ ಕೇಳಿದಳು."

ದಾಕ್ಷಾಯಿಣಮ್ಮ ಅವಳ ಕಡೆ ತಿರುಗಿದರು.

"ಮೂವತ್ತೊಂದನೆಯ ಗಂಟೆಯಲ್ಲಿ ಕಂಡ ನೋವು ನಲವತ್ತನೆಯದರಲ್ಲಿ ಯಾಕೆ ಕಾಣಲಿಲ್ಲ, ಮಗಳೇ?"