ಕುಂಬಾರ ಮಾಳವ್ವನ ಕೈ

ಕೂತ್ಕೊಳ್ಳಿ, ಇನ್ನೂ ಹತ್ತಿರ ಬನ್ನಿ. ಬಹಳ ಹಿಂದೆ, ಎಷ್ಟು ಹಿಂದೆ ಅಂದರೆ ಈ ದಿಬ್ಬದ ಬೇವಿನ ಮರದ ಮುತ್ತಜ್ಜ ಇನ್ನೂ ಬೀಜವಾಗಿದ್ದ ಕಾಲಕ್ಕೆ, ಗುಲಗಂಜಿಪೇಟೆ ಅಂತ ಒಂದು ಊರಿತ್ತು. ದೊಡ್ಡ ಊರೇನಲ್ಲ. ಒಂದು ಸಂತೆ, ಒಂದು ಕೋಟೆ, ಕೋಟೆಯ ಕೆಳಗೊಂದು ಕೆರೆ, ಕೆರೆಯ ಈಚೆ ದಂಡೆಗೆ ಹನ್ನೆರಡು ಮನೆಯ ಕುಂಬಾರಗೇರಿ. ಆ ಕೇರಿಯ ಕೊನೆಯ ಮನೆಯಲ್ಲಿ ಹುಟ್ಟಿದವಳು ಮಾಳವ್ವ. ನಮ್ಮ ವಂಶದ ಬೇರು ಅವಳೇ. ಅವಳ ಬಗ್ಗೆ ನಡೆದದ್ದು ಒಂದು ಹಿಡಿ, ಹೇಳುವವರ ಬಾಯಲ್ಲಿ ಬೆಳೆದದ್ದು ಒಂದು ಹೇರು. ನಾನು ಎರಡನ್ನೂ ಹೇಳ್ತೀನಿ. ಬೇರೆ ಮಾಡಿಕೊಳ್ಳುವುದು ನಿಮ್ಮ ಕೆಲಸ.

ಹುಟ್ಟಿದಾಗಲೇ ಅವಳ ಕೈ ಮೊರದಷ್ಟಿತ್ತು ಅಂತಾರೆ. ಮೊರದಷ್ಟು ಇರಲಿಕ್ಕಿಲ್ಲ. ಆದರೆ ಸೂಲಗಿತ್ತಿ ಕೂಸಿನ ಮುಖ ನೋಡುವ ಮೊದಲು ಕೈ ನೋಡಿ "ಯವ್ವಾ!" ಅಂದದ್ದು ಮಾತ್ರ ನಿಜವಂತೆ. ಅಪ್ಪ ಕಲ್ಲಪ್ಪನಿಗೆ ಆ ಕೈ ಕಂಡು ಹಿಗ್ಗೋ ಹಿಗ್ಗು. ಕುಂಬಾರರ ಮನೆಯಲ್ಲಿ ಗಡಿಗೆ ತಟ್ಟುವಾಗ ಒಂದು ಕೈ ಹೊರಗಿರುತ್ತದೆ, ಒಂದು ಕೈ ಒಳಗಿರುತ್ತದೆ. ಹೊರಗಿನ ಕೈ ಹಲಗೆಯಿಂದ ತಟ್ಟುತ್ತದೆ, ಒಳಗಿನ ಕೈ ಗುಂಡುಕಲ್ಲು ಹಿಡಿದು ಒತ್ತು ಕೊಡುತ್ತದೆ. ಒಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಕೈಯೇ ನೋಡಬೇಕು. ಮಾಳವ್ವನ ಕೈ ಹಾಗೆ ನೋಡುವುದನ್ನು ಕಲಿಯಿತು. ಗಡಿಗೆಯ ಗೋಡೆ ಎಲ್ಲಿ ತೆಳುವು, ಎಲ್ಲಿ ದಪ್ಪ, ಎಲ್ಲಿ ನಾಳೆ ಬಿರುಕು ಬಿಡುತ್ತದೆ ಅಂತ ಕಣ್ಣುಮುಚ್ಚಿ ಹೇಳುತ್ತಿದ್ದಳಂತೆ.

ಆದರೆ ಹುಡುಗಿ ಬೆಳೆದಂತೆ ಆ ಕೈಯೇ ತೊಡಕಾಯಿತು. ಬಳೆಗಾರ ಕೇರಿಗೆ ಬಂದರೆ ಅವಳ ಕೈ ನೋಡಿದವನೇ ಬಳೆಯ ಮಲಾರ ಕಟ್ಟಿಕೊಂಡು ಹೊರಟುಬಿಡುತ್ತಿದ್ದನಂತೆ. ಹೆಣ್ಣು ನೋಡಲು ಬಂದವರು ಮುಖ ನೋಡಿ ನಗುತ್ತಿದ್ದರು, ಅವಲಕ್ಕಿ ತಟ್ಟೆ ಹಿಡಿದ ಕೈ ನೋಡಿ ಎದ್ದು ಹೋಗುತ್ತಿದ್ದರು. ಹೀಗೆ ಮೂರು ಗಂಡು ಬಂದವು, ಮೂರೂ ಹೋದವು.

ನಾಲ್ಕನೆಯವನು ಬರಮಪ್ಪ. ಗಡಿಗೆ ಹೇರಿಕೊಂಡು ಸಂತೆ ಸಂತೆ ತಿರುಗುವವನು. ಕಾಕನ ಜೊತೆ ಕತ್ತೆಯ ಮೇಲೆ ಬಂದ. ಕೇರಿಯ ಬಾಯಿಗೆ ಬರುವುದಕ್ಕೂ ಗಡಿಗೆ ಸುಡುವ ಆವಿಗೆಯ ಹೊಗೆ ಗುಪ್ಪನೆ ಏಳುವುದಕ್ಕೂ ಸರಿಹೋಯಿತು. ಕತ್ತೆ ಬೆದರಿತು, ವರ ಉರುಳಿದ. ಎಡಭುಜದ ಕೀಲು ತಪ್ಪಿ ತೋಳು ಜೋತುಬಿತ್ತು. ಅವನ ಕೂಗಿಗೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು ಅಂತಾರೆ.

ಒಬ್ಬರು ಎಣ್ಣೆ ಅಂದರು, ಒಬ್ಬರು ಬೂದಿ ಅಂದರು. ಮಾಳವ್ವ ಅವಲಕ್ಕಿ ತಟ್ಟೆ ಕಟ್ಟೆಯ ಮೇಲಿಟ್ಟು ಬಂದು ಅವನ ಮುಂದೆ ಕೂತಳು. ಭುಜದ ಮೇಲೆ ಕೈ ಇಟ್ಟಳು. ಒಳಗಿನ ಮೂಳೆ ಎಲ್ಲಿದೆ, ಎಲ್ಲಿರಬೇಕು ಅನ್ನುವುದು ಅವಳ ಕೈಗೆ ಥಟ್ಟನೆ ತಿಳಿಯಿತು. ಅವಳಿಗೇ ಅಚ್ಚರಿ. ಆದರೆ ಅವನು ಸೆಟೆದುಕೊಂಡು ಕೂತಿದ್ದ, ಕೈ ಆಡಿಸಲು ಬಿಡುತ್ತಿರಲಿಲ್ಲ. ಆಗ ಅವಳು ಮೆಲ್ಲಗೆ ಕೇಳಿದಳಂತೆ, "ಅಲ್ರೀ, ನಿಮ್ಮೂರಾಗ ಗಂಡಸರು ಕತ್ತೆ ಮ್ಯಾಲೆ ಹಿಂದುಮುಂದಾಗಿ ಕುಂಡ್ರತಾರಂತಲ್ಲ, ಹೌದೇನು?"

ಬರಮಪ್ಪನಿಗೆ ನೋವು ಮರೆತು ಸಿಟ್ಟು ಬಂತು. "ಯಾವ ಸುಳ್ಳಬುರುಕ ಹೇಳಿದ..." ಅಂತ ಬಾಯಿ ತೆಗೆದ.

ಟಕ್!

ಮೂಳೆ ತನ್ನ ಮನೆಗೆ ಹೋಗಿ ಕೂತಿತ್ತು. ಬರಮಪ್ಪ ತೋಳು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಕಾಕನ ಕಡೆ ತಿರುಗಿ, "ಕಾಕಾ, ಹೆಣ್ಣು ನೋಡೂದು ಮುಗೀತು. ನನಗ ಈ ಕೈ ಬೇಕು" ಅಂದ.

"ಆಕಿ ಮುಖಾ ಮಾರಿ ಇನ್ನೂ ಸರಿಯಾಗಿ ನೋಡಿಲ್ಲಲ್ಲೋ!" ಅಂದ ಕಾಕ.

"ಮಾರಿ ಆಮೇಲೆ ನೋಡತೀನಿ."

ಹಾಗೆ ಮದುವೆಯಾಯಿತು. ಬರಮಪ್ಪ ಮನೆಅಳಿಯನಾಗಿ ಅಲ್ಲೇ ಉಳಿದ. ಹೋದ ಹೋದ ಸಂತೆಯಲ್ಲೆಲ್ಲ ಗಡಿಗೆ ಮಾರುವುದಕ್ಕಿಂತ ಹೆಚ್ಚು ಹೆಂಡತಿಯ ಕೈಯ ಸುದ್ದಿ ಹೇಳಿದ. ಮರದಿಂದ ಬಿದ್ದವರು, ಬಾವಿಗೆ ಜಾರಿದವರು, ಎತ್ತು ಹಾಯ್ದವರು ಮಂಚದ ಮೇಲೆ, ಹೆಗಲ ಮೇಲೆ, ಬಂಡಿಯ ಮೇಲೆ ಕುಂಬಾರಗೇರಿಗೆ ಬಂದರು. ಮಾಳವ್ವ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಪ್ರಶ್ನೆ ಕೇಳುವಳು, ಅವರು ಉತ್ತರ ಹುಡುಕುವುದರೊಳಗೆ ಟಕ್ ಅನ್ನಿಸುವಳು, ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತುವಳು. ಅವಳು ಮಿಡತೆಯ ಕಾಲು ಕೂರಿಸಿದಳು ಅಂತಾರೆ. ಒಂದು ಸಲ ಆನೆಯ ಸೊಂಡಿಲು ಉಳುಕಿದ್ದನ್ನು ನೀವಿದಳು ಅಂತಾರೆ. ಆನೆಗೆ ಏನು ಪ್ರಶ್ನೆ ಕೇಳಿದಳೋ, ಅದನ್ನು ಯಾರೂ ಹೇಳುವುದಿಲ್ಲ.

ದುಡ್ಡು ಮುಟ್ಟುತ್ತಿರಲಿಲ್ಲ. ಅವಳದೊಂದೇ ಕಟ್ಟಳೆ. ಕಟ್ಟು ಬಿಚ್ಚಿದ ಮೇಲೆ ಕಾಲು ಮುರಿದವರು ಬಂದು ಹದಿನೈದು ದಿನ ಅವಳ ಅಂಗಳದಲ್ಲಿ ಮಣ್ಣು ತುಳಿಯಬೇಕು. ಕೈ ಮುರಿದವರು ಮಣ್ಣು ನಾದಬೇಕು. ಹಸಿಮಣ್ಣಿನಲ್ಲಿ ಆಡಿದ ಕಾಲು ಬೇಗ ಬಲಿಯುತ್ತದೆ ಅನ್ನುವುದು ಒಂದು. ಮನೆಯ ಕೆಲಸವೂ ಆಗುತ್ತದೆ ಅನ್ನುವುದು ಇನ್ನೊಂದು. ಅವಳು ಎರಡನ್ನೂ ಮುಚ್ಚಿಡುತ್ತಿರಲಿಲ್ಲ. ಹೀಗಾಗಿ ಕುರುಬರವನು, ನೇಕಾರರವಳು, ಪೂಜಾರಿ, ಎಲ್ಲರೂ ಒಂದೇ ಮಣ್ಣಿನ ಗುಡ್ಡೆಯ ಮೇಲೆ ಒಬ್ಬರ ಹೆಗಲು ಒಬ್ಬರು ಹಿಡಿದು, ಹಾಡುತ್ತ, ಜಾರುತ್ತ, ನಗುತ್ತ ತುಳಿಯುತ್ತಿದ್ದರು. ಆ ಅಂಗಳದಲ್ಲಿ ಮದುವೆಮನೆಯ ಗದ್ದಲ ಇರುತ್ತಿತ್ತಂತೆ.

ಹಾಗಿರುವಾಗ ಕೋಟೆಯ ದೇಸಾಯಿ ಒಂದು ಬಿಳಿ ಕುದುರೆ ತಂದ. ಕುದುರೆಗೆ ಹಸಿರು ಹುಲ್ಲು ಬೇಕು ಅಂತ ಕೆರೆಯಂಗಳಕ್ಕೆಲ್ಲ ಮುಳ್ಳಬೇಲಿ ಹಾಕಿಸಿದ. ಕುಂಬಾರರು ತಲೆತಲಾಂತರದಿಂದ ಮಣ್ಣು ತೆಗೆಯುತ್ತಿದ್ದ ಜಾಗ ಅದು. ಹೋಗಿ ಕೈಮುಗಿದರು. ದೇಸಾಯಿ ಮುಖ ಎತ್ತಿ ನೋಡಲಿಲ್ಲ. ಹಳ್ಳದ ಮಣ್ಣು ತಂದು ಗಡಿಗೆ ಮಾಡಿದರು. ಅದರಲ್ಲಿ ಹರಳುಕಲ್ಲೇ ಹೆಚ್ಚು. ಆವಿಗೆಯಲ್ಲಿ ಹತ್ತಕ್ಕೆ ಆರು ಒಡೆದವು. ಮೂರು ಮನೆಯವರು ಗಡಿಗೆ ತಿರುಗಿಸುವ ತಿಗರಿ ಕಟ್ಟಿಕೊಂಡು ಊರು ಬಿಟ್ಟರು. ಉಳಿದವರೂ ಗಂಟುಮೂಟೆ ಕಟ್ಟುತ್ತಿದ್ದರು.

ಆಗಲೇ ಆ ಬಿಳಿ ಕುದುರೆ ಕೆರೆಯ ಏರಿಯ ಮೇಲೆ ದೇಸಾಯಿಯನ್ನು ಎತ್ತಿ ಒಗೆಯಿತು. ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಕೋಟೆಯ ವೈದ್ಯ ಕಾಲು ತೆಗೆಯಬೇಕು ಅಂದ. ದೇಸಾಯಿಯ ಹೆಂಡತಿ ಅಳುತ್ತ ಮಾಳವ್ವನಿಗೆ ಮೇಣೆ ಕಳಿಸಿದಳು.

ಕೇರಿಯವರೆಲ್ಲ ಅಡ್ಡ ನಿಂತರು. "ಹೋಗಬ್ಯಾಡವ್ವಾ. ನಮ್ಮ ಅನ್ನ ಕಸಗೊಂಡಾವ ಆತ. ಕುಂತಲ್ಲೇ ಕುಂಡ್ರಲಿ" ಅಂದರು.

ಮಾಳವ್ವ ಸೆರಗು ಸುತ್ತಿಕೊಳ್ಳುತ್ತ, "ತಪ್ಪು ಮಾಡಿದ್ದು ದೇಸಾಯಿ. ಪಾಪ, ಕಾಲು ಏನು ಮಾಡೇತಿ?" ಅಂದಳಂತೆ. ಮೇಣೆ ಹತ್ತಲಿಲ್ಲ, ನಡೆದೇ ಹೋದಳು.

ದೇಸಾಯಿ ಹಲ್ಲು ಕಚ್ಚಿ ಮಲಗಿದ್ದ. "ಕೇಳು. ಈ ಕಾಲು ಕುಂಟಾದರ ನಿನ್ನ ಎರಡೂ ಕೈ ಇರೂದಿಲ್ಲ" ಅಂದ. ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿ, ಬೆಚ್ಚಗೆ ಉಜ್ಜಿ, ಉಸಿರು ತಹಬಂದಿಗೆ ಬಂದ ಮೇಲೆ ಕಾಲು ಮುಟ್ಟಿದಳು. ಕೂರಿಸಬಹುದು ಅಂತ ಕೈ ಹೇಳಿತು. ಆದರೆ ಕಾಲು ಕಬ್ಬಿಣದ ಹಾಗೆ ಬಿಗಿದಿತ್ತು. ಪ್ರಶ್ನೆ ಕೇಳಲು ಬಾಯಿ ತೆರೆದಳೋ ಇಲ್ಲವೋ, ದೇಸಾಯಿ ತಡೆದ. "ನಿನ್ನ ಪ್ರಶ್ನೆ ಆಟ ನನಗ ಗೊತ್ತೈತಿ. ನಾ ಉತ್ತರ ಕೊಡೂದಿಲ್ಲ."

ಮಾಳವ್ವ ಕಾಲಿನ ಮೇಲಿನ ಕೈ ತೆಗೆಯದೆ, "ಹಂಗಾರ ನೀವ ಕೇಳ್ರಿ ಧಣಿ. ನಾ ಉತ್ತರ ಹೇಳತೀನಿ" ಅಂದಳು.

ದೇಸಾಯಿ ತಬ್ಬಿಬ್ಬಾದ. ಹುಟ್ಟಿದಾಗಿನಿಂದ ಅಪ್ಪಣೆ ಕೊಟ್ಟವನೇ ಹೊರತು ಯಾರನ್ನೂ ಏನನ್ನೂ ಕೇಳಿದವನಲ್ಲ. ಉಂಡೆಯಾ ಅಂತ ಹೆಂಡತಿಯನ್ನೂ ಕೇಳಿದವನಲ್ಲ. ಏನು ಕೇಳಲಿ ಅಂತ ಹುಬ್ಬು ಗಂಟಿಕ್ಕಿ, ಜಂತಿ ನೋಡುತ್ತ, ಹುಡುಕಿದ, ಹುಡುಕಿದ.

ಟಕ್!

ದೇಸಾಯಿ ಕಣ್ಣು ಪಿಳಿಪಿಳಿ ಬಿಟ್ಟು, "ಆತೇನು?" ಅಂದ.

"ಆತ್ರಿ ಧಣಿ" ಅಂದಳು ಮಾಳವ್ವ. ಅವನ ಬಾಯಿಂದ ಬಂದ ಮೊದಲನೆಯ ಪ್ರಶ್ನೆ ಅದೇ ಅಂತ ಹೇಳ್ತಾರೆ.

ನಲವತ್ತು ದಿನಕ್ಕೆ ಕಟ್ಟು ಬಿಚ್ಚಿತು. ದೇಸಾಯಿ ಒಂದು ತಟ್ಟೆ ಬೆಳ್ಳಿ ಕಳಿಸಿದ, ಮಾಳವ್ವ ತಿರುಗಿ ಕಳಿಸಿದಳು. ಮಣ್ಣು ತುಳಿಯಲು ಒಬ್ಬ ಆಳನ್ನು ಕಳಿಸಿದ, ಅವನಿಗೆ ಮಜ್ಜಿಗೆ ಕುಡಿಸಿ ತಿರುಗಿ ಕಳಿಸಿದಳು. "ಕಾಲು ಯಾರದೋ ಅವರ ತುಳೀಬೇಕು. ಇಲ್ಲಂದ್ರ ಕಾಲಿನ ಬಲ ಆಳಿಗೆ ಹೋಗತೈತಿ" ಅಂತ ಹೇಳಿಕಳಿಸಿದಳು. ದೇಸಾಯಿಗೆ ನಾಚಿಕೆ ಒಂದು ಕಡೆ, ಕುಂಟಾಗುವ ಹೆದರಿಕೆ ಇನ್ನೊಂದು ಕಡೆ. ಮೂರನೆಯ ದಿನ ಕೊಡೆ ಹಿಡಿಸಿಕೊಂಡು ಕುಂಬಾರಗೇರಿಗೆ ಬಂದ. ಅಂಗಳದಲ್ಲಿ ಗಪ್‌ಚಿಪ್. ಕುರುಬರ ಕೆಂಚ ಅಂತ ಒಬ್ಬನಿದ್ದ, ಮರ ಹತ್ತಿ ಬಿದ್ದು ಮೊಣಕಾಲು ಮುರಿದುಕೊಂಡವನು. ಅವನು ಮಾತ್ರ ಸರಿದು ಜಾಗ ಕೊಟ್ಟು, "ಬರ್ರಿ ಧಣಿ, ಹೆಗಲ ಹಿಡೀರಿ, ಜಾರತೈತಿ" ಅಂದ.

ದೇಸಾಯಿ ಎರಡು ಹೆಜ್ಜೆ ತುಳಿದು, "ಹಾ! ಇದೇನು ಮಣ್ಣೋ ಮುಳ್ಳೋ?" ಅಂದ.

"ಹಳ್ಳದ ಮಣ್ರಿ" ಅಂದಳು ಮಾಳವ್ವ. "ಮೆತ್ತನ ಮಣ್ಣು ನಿಮ್ಮ ಕುದುರೆ ಕಾಲ ಕೆಳಗೈತಿ."

ಮಾತಿನಲ್ಲಿ ಕೇಳಿದಾಗ ದೇಸಾಯಿಯ ತಲೆಗೆ ಹೋಗದ್ದು ಈಗ ಅಂಗಾಲಿನಿಂದ ಹೋಯಿತು. ಏನೋ ಯೋಚಿಸುತ್ತ ಕಾಲೆತ್ತಿದ, ಜಾರಿದ, ಕೆಂಚನನ್ನೂ ಎಳೆದುಕೊಂಡು ಕೆಸರಿನಲ್ಲಿ ದೊಪ್ಪನೆ ಕೂತುಬಿಟ್ಟ. ಕೇರಿಗೆ ಕೇರಿಯೇ ಉಸಿರು ಹಿಡಿಯಿತು. ದೇಸಾಯಿ ತನ್ನ ಜರಿ ಧೋತರ ನೋಡಿಕೊಂಡ, ಕೆಂಚನ ಮುಖ ನೋಡಿದ, ನಗಲು ಶುರುಮಾಡಿದ. ಆ ನಗೆಗೆ ಆವಿಗೆಯಲ್ಲಿದ್ದ ಎರಡು ಗಡಿಗೆ ಬಿರಿದವು ಅಂತಾರೆ. ಮರುದಿನ ಹೊತ್ತು ಏರುವುದರೊಳಗೆ ಕೆರೆಯಂಗಳದ ಬೇಲಿ ಕೀಳಿಸಿಯಾಗಿತ್ತು. ಊರು ಬಿಟ್ಟ ಮೂರು ಮನೆಯವರು ತಿಂಗಳೊಳಗೆ ತಿರುಗಿ ಬಂದರು. ದೇಸಾಯಿ ಮಾತ್ರ ತನ್ನ ಹದಿನೈದು ದಿನ ಪೂರ್ತಿ ತುಳಿದ. ಹದಿನಾರನೆಯ ದಿನವೂ ಬಂದಿದ್ದನಂತೆ, ಕಟ್ಟಳೆ ಮುಗಿಯಿತು ಅಂತ ಮಾಳವ್ವನೇ ತಿರುಗಿ ಕಳಿಸಿದಳಂತೆ.

ಹೀಗೆ ಕಾಲ ಹೋಯಿತು. ಬರಮಪ್ಪ ತೀರಿಹೋದ. ಮಾಳವ್ವನ ಕೂದಲು ಹತ್ತಿಯಾಯಿತು, ಕಣ್ಣು ಮಂಜಾಗಿ ಆಮೇಲೆ ಪೂರ್ತಿ ಆರಿತು. ಅವಳೇನೂ ಕೊರಗಲಿಲ್ಲ, ಕೈ ಇತ್ತಲ್ಲ. ಒಂದು ಬೆಳಿಗ್ಗೆ ಹೊಸ್ತಿಲು ಎಡವಿ ಬಿದ್ದಳು. ಮುರಿದದ್ದು ಸೊಂಟ. ಸೊಸೆ ಹಾಲವ್ವ ಓಡಿ ಬಂದಳು. ಮಾಳವ್ವ ತನ್ನ ಸೊಂಟವನ್ನು ತಾನೇ ಮುಟ್ಟಿ ನೋಡಿಕೊಂಡು ನಕ್ಕುಬಿಟ್ಟಳಂತೆ. "ಹಾಲೀ, ಇದು ಹಳೇ ಗಡಿಗಿ. ತಟ್ಟಾಕ ಹೋದ್ರ ಪುಡಿ ಆಗತೈತಿ. ನನ್ನ ಬಿಸಲಾಗ ಮಲಗಸು" ಅಂದಳು.

ಸುದ್ದಿ ಹಬ್ಬಿತು. ಸುತ್ತ ಏಳೂರಿನ ಜನ ಬಂದರು. ಅವಳು ಯಾರ ಹೆಸರೂ ಕೇಳಲಿಲ್ಲ. ಕೈ ಮುಟ್ಟುವಳು, ಕಾಲು ಮುಟ್ಟುವಳು, ಹಳೆಯ ಬೆಸುಗೆ ಸಿಕ್ಕ ಕೂಡಲೇ ಹೆಸರು ಹೇಳುವಳು. "ಇದು ಕೆಂಚನ ಮೊಣಕಾಲು. ಇನ್ನೂ ಗಿಡ ಹತ್ತತೀಯೇನೋ, ಮುದುಕಾ?" ಅನ್ನುವಳು. ದೇಸಾಯಿಯೂ ಕೋಲು ಊರಿಕೊಂಡು ಬಂದ. ಅವನ ಎರಡೂ ಕಾಲು ತಡವಿ, "ಧಣಿ, ಈ ಕಾಲಿಗಿಂತ ಆ ಕಾಲ ಹೆಚ್ಚು ಮುಪ್ಪಾಗೇತಿ. ಅದನ್ನೂ ಮುರಕೊಂಡು ಬರಬೇಕಾಗಿತ್ತು" ಅಂದಳು. ಬಂದವರು ಅಳಲಿಕ್ಕೆ ಬಂದಿದ್ದರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಗೆ ನೇಕಾರ ಓಣಿಯ ಸಿದ್ಲಿಂಗವ್ವ ಬಂದಳು. ಮಡಿಲಲ್ಲಿ ಒಂದು ತಿಂಗಳ ಹೆಣ್ಣುಕೂಸು. ಕೂಸಿನ ಒಂದು ಪಾದ ಒಳಕ್ಕೆ ತಿರುಗಿತ್ತು. ಅತ್ತೆ ಮನೆಯವರು ಬಟ್ಟೆ ಸುತ್ತಿ ಮುಚ್ಚಿಟ್ಟಿದ್ದರು. ಜನರ ಮುಂದೆ ತೊಟ್ಟಿಲು ಕಟ್ಟಲು ನಾಚಿ, ಹೆಸರೂ ಇಟ್ಟಿರಲಿಲ್ಲ. ಸಿದ್ಲಿಂಗವ್ವ ಕೂಸನ್ನು ಮುದುಕಿಯ ಪಕ್ಕ ಮಲಗಿಸಿ ಉಸಿರು ಬಿಗಿಹಿಡಿದು ನಿಂತಳು.

ಮಾಳವ್ವ ನೆತ್ತಿಯಿಂದ ಶುರುಮಾಡಿದಳು. ತಲೆ, ಕುತ್ತಿಗೆ, ಭುಜ, ಒಂದೊಂದು ಬೆರಳು, ಬೆನ್ನು, ಮೊಣಕಾಲು. ಪಾದಕ್ಕೆ ಬಂದಾಗ ಬಟ್ಟೆ ಬಿಚ್ಚಿದಳು. ಕೈ ಅಲ್ಲೇ ನಿಂತಿತು. ಬಹಳ ಹೊತ್ತಾದ ಮೇಲೆ, "ಹಾಲೀ, ನಿನ್ನ ಕೈ ಕೊಡು" ಅಂದಳು. ಸೊಸೆಯ ಕೈಯ ಮೇಲೆ ತನ್ನ ಕೈ ಇಟ್ಟು, ಆ ಪುಟ್ಟ ಪಾದವನ್ನು ಮೆಲ್ಲಗೆ ಹೊರಗೆ ನೀವಿ ತೋರಿಸಿದಳು. ಹಿಂಗ, ಹಿಂಗ, ಔಡಲ ಎಣ್ಣೆ ಹಚ್ಚಿ, ದಿನಾ. "ಎಲುಬು ಇನ್ನೂ ಹಸಿ ಐತಿ. ಹೇಳಿದಂಗ ಕೇಳತೈತಿ." ಆಮೇಲೆ ತಾಯಿಯ ಕಡೆ ಮುಖ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಅಂದಳು, "ಎಲ್ಲಾ ಸರಿ ಐತೆವ್ವಾ. ಕೂಸಿಗೆ ಹೆಸರಿಡು."

ಸಿದ್ಲಿಂಗವ್ವ ಆಗ ಬಿಗಿಹಿಡಿದ ಉಸಿರು ಬಿಟ್ಟಳು. ಕೂಸು ಅಜ್ಜಿಯ ಹೆಬ್ಬೆರಳು ಹಿಡಿದುಕೊಂಡು ಕಾಲು ಬಡಿಯುತ್ತಿತ್ತು. ಎಲ್ಲರೂ ಕೂಸನ್ನೇ ನೋಡುತ್ತಿದ್ದರು. ಹಾಲವ್ವ ಅದನ್ನು ಎತ್ತಿಕೊಳ್ಳಲು ಬಗ್ಗಿದಾಗಲೇ ಗೊತ್ತಾದದ್ದು, ಮಾಳವ್ವ ಹೋಗಿಬಿಟ್ಟಿದ್ದಾಳೆ ಅಂತ. ಬಿಸಿಲು ಬಿದ್ದ ಮುಖದಲ್ಲಿ ನಗೆ ಹಾಗೇ ಇತ್ತಂತೆ.

ಅವಳನ್ನು ಹೊರಲು ಒಂದು ಕಾಲಕ್ಕೆ ಕಾಲು ಮುರಿದಿದ್ದವರೇ ಜಗಳವಾಡಿ ಹೆಗಲು ಕೊಟ್ಟರು. ಕೆರೆಯ ದಂಡೆಯವರೆಗೆ ಒಬ್ಬನೂ ಕುಂಟಲಿಲ್ಲ ಅಂತಾರೆ. ಹಾಲವ್ವ ಆ ಕೂಸಿನ ಪಾದವನ್ನು ಒಂದು ದಿನವೂ ತಪ್ಪದೆ ನೀವಿದಳು. ಅದು ಒಂದೂವರೆ ವರ್ಷಕ್ಕೆ ನಡೆಯಿತು ಅಂತ ಕೆಲವರು, ನಡೆಯಲೇ ಇಲ್ಲ, ಮೊದಲ ದಿನವೇ ಓಡಿತು ಅಂತ ಕೆಲವರು.

ಇವತ್ತಿಗೂ ಗುಲಗಂಜಿಪೇಟೆಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಲಿ, ಯಾವ ಜಾತಿಯವರೇ ಇರಲಿ, ಮೊದಲು ಕುಂಬಾರಗೇರಿಗೆ ಹೋಗಿ ಎಲ್ಲರಿಗಿಂತ ಹಿರಿಯಳನ್ನು ಕರೆದು ತರುತ್ತಾರೆ. ಅವಳು ಕೂತು, ಕೂಸನ್ನು ಮಡಿಲಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನೆತ್ತಿಯಿಂದ ಅಂಗಾಲಿನವರೆಗೆ ನಿಧಾನಕ್ಕೆ ಕೈ ಆಡಿಸುತ್ತಾಳೆ. ಕೂಸು ಹೇಗೇ ಇರಲಿ, ಕುಂಟೋ, ಕುರುಡೋ, ಬಡಕಲೋ, ಹೇಳುವ ಮಾತು ಒಂದೇ. ತುಂಬಿದ ಮನೆ ಮಾತು ನಿಲ್ಲಿಸಿ ಕಾಯುತ್ತದೆ. ತಾಯಿ ಉಸಿರು ಹಿಡಿದು ಕಾಯುತ್ತಾಳೆ.

"ಎಲ್ಲಾ ಸರಿ ಐತೆವ್ವಾ" ಅನ್ನುತ್ತಾಳೆ ಮುದುಕಿ.

ಆಮೇಲೆಯೇ ಕೂಸಿನ ಕಿವಿಯಲ್ಲಿ ಹೆಸರು.