ಒಂಟಿಗೆರೆ ಗುಂಡು

ಹೊನ್ನಗವಿಯ ಗುಡ್ಡ ಹತ್ತುವವರಿಗೆ ಗವಿಯಮ್ಮನ ಗುಡಿಗಿಂತ ಮೊದಲು ಕಾಣುವುದು ಹಳೆಯ ಚಿನ್ನದ ಗಣಿಯ ಬಾಯಿ. ಅದರ ಪಕ್ಕದಲ್ಲೇ ಆನೆ ಮಲಗಿದಂತೊಂದು ಗುಂಡು. ಗುಂಡಿನ ಮೇಲೆ ಗೇಣುದ್ದದ ಒಂದೇ ಒಂದು ಇದ್ದಿಲಿನ ಗೆರೆ. ಎಷ್ಟು ಮಳೆಗಾಲ ಕಳೆದರೂ ಆ ಗೆರೆ ಅಲ್ಲಿದೆ.

ಹಿಂದೆ ಒಮ್ಮೆ, ಸಿಡಿಮದ್ದು ಈ ಸೀಮೆಗೆ ಕಾಲಿಡದ ಕಾಲದಲ್ಲಿ, ನಮ್ಮ ಹಿರಿಯರು ಬಂಡೆಯನ್ನು ಬೆಂಕಿಯಿಂದಲೇ ಬಿರಿಸುತ್ತಿದ್ದರಂತೆ. ಸಂಜೆ ಎಲ್ಲರೂ ಹೊರಬಂದ ಮೇಲೆ ಸುರಂಗದಲ್ಲಿ ಒಟ್ಟಿದ ಸೌದೆಗೆ ಬೆಂಕಿಯಿಟ್ಟು, ಬೆಳಗ್ಗೆ ಕಾದ ಬಂಡೆಗೆ ನೀರು ಹೊಯ್ದು ಸೀಳುವುದು. ಒಳಗೆ ಇಳಿಯುವಾಗ ಪ್ರತಿಯೊಬ್ಬರೂ ಗುಂಡಿನ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದು, ಹೊರಬಂದಾಗ ಅದನ್ನು ಒದ್ದೆ ಕೈಯಿಂದ ಒರೆಸಬೇಕು. ಗುಂಡು ಬೋಳಾದ ಮೇಲೆಯೇ ಬೆಂಕಿ. ಹಚ್ಚುವ ಹಕ್ಕು ಆ ಕೆಲಸದಲ್ಲೇ ಮುದುಕಿಯಾದ ದುರುಗವ್ವನದು; ಗವಿಯಮ್ಮನಿಗೆ ಕೈಮುಗಿಯದೆ ಅವಳು ಒಂದು ದಿನವೂ ಕೊಳ್ಳಿ ಹಿಡಿದವಳಲ್ಲ.

ಒಂದು ಸಂಜೆ ಹೊರಬರುವ ಕೊಂಬು ಊದಿದ ಮೇಲೆ, ಎಲ್ಲರೂ ಬಂದು ತಮ್ಮ ತಮ್ಮ ಗೆರೆ ಒರೆಸಿದರೂ ಒಂದು ಗೆರೆ ಉಳಿದಿತ್ತು. ನೋಡಿದರೆ ಕಿವುಡ-ಮೂಗ ಹುಲಗಪ್ಪನಿಲ್ಲ.

“ಅಕ್ಕನ ಊರಿಗೆ ಹೋಗತೀನಂತ ಅವ ನಿನ್ನೆನ ಕೈಸನ್ನಿ ಮಾಡಿದ್ನಲ್ಲ,” ಎಂದ ಕೆಲಸದ ಮೇಟಿ ಅಮರಪ್ಪ. “ಅದು ನಿನ್ನಿ ಗೆರಿ. ಹಚ್ಚವ್ವ, ಹೊತ್ತಾತು.”

“ನಿನ್ನಿ ನಾ ಹಚ್ಚುವಾಗ ಗುಂಡು ಬೋಳಿತ್ತು, ಅಮರಣ್ಣ.”

“ನಿನ್ನ ಕಣ್ಣಿಗೆ ಹೊಗಿ ಹಿಡದು ಯಾವ ಕಾಲಾತು.”

ಸುತ್ತ ನಿಂತವರು ನಕ್ಕರು. ದುರುಗವ್ವನ ಕಣ್ಣು ಮಂಜಾಗಿದ್ದು ಸುಳ್ಳಲ್ಲ; ತಾನೇ ತಪ್ಪಿರಬಹುದೆಂದು ಅವಳಿಗೂ ಅನ್ನಿಸಿತು. ತಪ್ಪಿದ್ದರೆ ನಾಳೆಯ ಕೆಲಸ ಕೆಟ್ಟು ಎಲ್ಲರ ಬೈಗುಳ ತನಗೆ. ತಪ್ಪಿರದಿದ್ದರೆ? ಅವಳು ತಾಯಿ ಗವಿಯಮ್ಮನನ್ನು ನೆನೆದು ಕೊಳ್ಳಿಯನ್ನು ಕೊಡದ ನೀರಿಗೆ ಅದ್ದಿದಳು. ಚುಯ್ ಎಂದ ಸದ್ದಿಗೆ ನಗು ನಿಂತಿತು.

“ಹೊಗಿ ಹಿಡದ ಕಣ್ಣಿಗೆ ಕತ್ತಲಿ ಏನು, ಬೆಳಕೇನು,” ಎನ್ನುತ್ತ ಹಣತೆ ಹಿಡಿದು ಒಳಗಿಳಿದಳು. ನಾಚಿದ ಅಮರಪ್ಪ ಹಿಂದೆಯೇ ಓಡಿದ. ಸೌದೆಯ ರಾಶಿಯಾಚೆ, ಜಾರಿದ ಕಲ್ಲಿನಡಿ ಕಾಲು ಸಿಕ್ಕಿಕೊಂಡು ಹುಲಗಪ್ಪ ಕೂತಿದ್ದ. ಅಮರಪ್ಪ ಕಲ್ಲು ಸರಿಸಿ ಅವನನ್ನು ಹೆಗಲ ಮೇಲೆ ಹೊತ್ತು ತಂದ. ದಾರಿಯುದ್ದಕ್ಕೂ ಹಣತೆ ಆರದಂತೆ ಕಾದವಳು ಗವಿಯಮ್ಮನೇ ಎನ್ನುತ್ತಾರೆ.

ಹೊರಗಿಳಿಸಿದ ಕೂಡಲೇ ಹುಲಗಪ್ಪ ಕುಂಟುತ್ತ ಗುಂಡಿನ ಬಳಿ ಹೋಗಿ, ಗೆರೆ ಒರೆಸಲು ಕೈ ಒದ್ದೆ ಮಾಡಿಕೊಂಡ. ದುರುಗವ್ವ ಅವನ ಮಣಿಕಟ್ಟು ಹಿಡಿದು ತಲೆಯಾಡಿಸಿದಳು. “ಇರಲಿ ಬಿಡಪ್ಪ,” ಎಂದಳು, ಎಲ್ಲರಿಗೂ ಕೇಳುವಂತೆ. “ನನ್ನ ಹಿಂದ ಬೆಂಕಿ ಹಚ್ಚೋರು ನೋಡಲಿ.”

ಗಣಿ ನಿಂತು ಎಷ್ಟೋ ತಲೆಮಾರಾಯಿತು. ಇಲ್ಲಿ ಎಷ್ಟು ಚಿನ್ನ ಸಿಕ್ಕಿತೆಂದು ಊರಿನವರು ಹೇಳಿಕೊಳ್ಳುವುದಿಲ್ಲ. ಬಂದವರನ್ನು ಕರೆದೊಯ್ದು ಗೆರೆ ತೋರಿಸುತ್ತಾರೆ. ಮಳೆ ತೊಳೆದ ಮರುದಿನ ಯಾರಾದರೊಬ್ಬರು ಅದನ್ನು ಮತ್ತೆ ತಿದ್ದಿರುತ್ತಾರೆ; ಯಾರ ಪಾಳಿ ಎಂದು ಗೊತ್ತುಮಾಡಿಲ್ಲ, ಒಮ್ಮೆಯೂ ತಪ್ಪಿಲ್ಲ. ಗವಿಯಮ್ಮನ ಗುಡಿಯಲ್ಲಿ ಹಣೆಗೆ ಇಡುವುದೂ ಇದ್ದಿಲನ್ನೇ. ಅದನ್ನು ಹಚ್ಚಿಸಿಕೊಂಡು ಗುಡ್ಡ ಇಳಿಯುವ ಭಕ್ತರು ಇಂದಿಗೂ ಗುಂಡಿನ ಬಳಿ ಒಂದು ಗಳಿಗೆ ನಿಂತು, ತಮ್ಮ ಜೊತೆ ಬಂದವರನ್ನು ಎಣಿಸಿಕೊಳ್ಳುತ್ತಾರೆ.