ಕೆಂಚವ್ವನ ಕಣ

ಮದ್ದಲಕೋಟೆ ನಗರದ ನಟ್ಟನಡುವೆ, ಹಳೇ ಬಸ್ ನಿಲ್ದಾಣದ ಎದುರಿಗೆ, ಗಾಜು ಉಕ್ಕುಗಳ ದೊಡ್ಡದೊಂದು ಒಳಾಂಗಣ ಕ್ರೀಡಾಂಗಣವಿದೆ. ಕಬಡ್ಡಿ ಪಂದ್ಯವೂ ಅಲ್ಲೇ, ಸಿನಿಮಾ ಹಾಡುಗಾರರ ಸಂಜೆಯೂ ಅಲ್ಲೇ. ಅದರ ನೆತ್ತಿಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ‘ಗ್ರ್ಯಾಂಡ್ ಸಿಟಿ ಅರೀನಾ’ ಎಂದು ಬರೆದಿದೆ. ಆ ಹೆಸರು ಹೇಳಿದರೆ ಆಟೋದವರು ಮುಖ ನೋಡುತ್ತಾರೆ; ‘ಕೆಂಚವ್ವನ ಕಣ’ ಎಂದರೆ ಗಾಡಿ ತಿರುಗುತ್ತದೆ. ನಗರಸಭೆಯ ಕೈಪಿಡಿಯಲ್ಲಿ ಈ ಹೆಸರಿಗೆ ಒಂದೇ ಸಾಲಿನ ವಿವರಣೆ: ಕೆಂಚವ್ವನೆಂಬ ದಾನಿ ಜಾಗ ಕೊಟ್ಟಳಂತೆ. ಇದು ಶುದ್ಧ ಸುಳ್ಳು. ಕೊಡುವುದಿರಲಿ, ಕೂರುವುದಕ್ಕೂ ಆಕೆಗೆ ಅಲ್ಲಿ ಒಂದು ದಿನ ಜಾಗವಿರಲಿಲ್ಲ. ಹೆಸರು ಬಂದದ್ದೇ ಅದರಿಂದ.

ಹಿಂದೆ ಒಮ್ಮೆ ಈ ಸ್ಥಳದಲ್ಲಿ ಪಾಳೆಯಗಾರರ ಕುಸ್ತಿ ಕಣವಿತ್ತು ಎನ್ನುತ್ತಾರೆ. ಕೆಮ್ಮಣ್ಣು ಅಗೆದು ಹೊತ್ತು ತರುವವರು ಮೂಡಲ ಕೇರಿಯ ಜನ. ಅದನ್ನು ಜರಡಿ ಹಿಡಿದು, ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ ಬೆರೆಸಿ ಕಲಸುವವಳು ಅದೇ ಕೇರಿಯ ಕೆಂಚವ್ವ. ಕುಸ್ತಿಯ ದಿನ ಆಕೆ ಕಣದ ನಡುವೆ ನಿಂತು, ಒಂದು ಹಿಡಿ ಮಣ್ಣು ಹಿಸುಕಿ ನೋಡಿ, ‘ಹದ ಬಂತು’ ಎಂದು ಹೇಳಿ ಹೊರಗೆ ಬರಬೇಕು. ಆ ಮಾತು ಬೀಳುವ ತನಕ ಯಾವ ಪೈಲ್ವಾನನೂ ಕಣಕ್ಕೆ ಕಾಲಿಡುವಂತಿಲ್ಲ. ಇದು ಗರಡಿಯ ಕಟ್ಟು.

ಒಂದು ವರ್ಷ ನೆರೆಸೀಮೆಯ ದೊರೆ ಕುಸ್ತಿ ನೋಡಲು ಬರುವವನಿದ್ದ. ಅತಿಥಿಗಳ ಎದುರಿಗೆ ಮಣ್ಣು ಮೆತ್ತಿದ ಜನ ಕಾಣಬಾರದೆಂದು ಪಾಳೆಯಗಾರನ ಬಾಮೈದ ಮಲ್ಲರಾಜ, ಕೇರಿಯವರು ಕೂತು ನೋಡುವ ಮೂಡಲ ದಿಕ್ಕಿನ ಒಂಬತ್ತು ಮೆಟ್ಟಿಲುಗಳಿಗೆ ಪರದೆ ಕಟ್ಟಿಸಿ, ಇಡೀ ಕೇರಿಯನ್ನು ಹೊರಗೆ ನಿಲ್ಲಿಸಿದ. ಎಂಥ ಮರ್ಯಾದೆ! ಕಣ ಕಟ್ಟಿದವರ ಮುಖವೇ ಕಣಕ್ಕೆ ಅವಮಾನ. ಅಂದಿನ ಮೊದಲ ಜೋಡಿಯಲ್ಲಿ ಕೆಂಚವ್ವನ ಮಗ ದ್ಯಾಮಣ್ಣನಿದ್ದ. ಅವನಿಗೆ ಅದೇ ಮೊದಲ ಕುಸ್ತಿ. ಕೆಂಚವ್ವ ಮಣ್ಣು ಹಿಸುಕಿದಳು. ‘ಹದ ಬಂದಿಲ್ಲ’ ಎಂದು ಮತ್ತೆ ಕಲಸಲು ಕೂತಳು. ಬಿಸಿಲು ನೆತ್ತಿಗೇರಿತು. ಮತ್ತೆ ಹಿಸುಕಿದಳು, ಹದ ಬಂದಿಲ್ಲ.

“ಮಗನ ಬೆನ್ನು ಮಣ್ಣಾಗ್ತದೆ ಅಂತ ಪುಕ್ಕಲೇನಮ್ಮಾ?” ಎಂದು ಮಲ್ಲರಾಜ ಹಂಗಿಸಿದ.

“ಮಣ್ಣಾದ್ರೆ ಆಗ್ಲಿ ಬುದ್ಧಿ. ಆಗೋದನ್ನ ನಾನು ನೋಡ್ಬೇಕು. ಹದ ಬಂತು ಅಂದ್ರೆ ನನ್ನೂ ಪರದೆ ಆಚೆಗೆ ಕಳಿಸ್ತೀರಲ್ಲ.”

ಪಾಳೆಯಗಾರ ಇಕ್ಕಟ್ಟಿಗೆ ಸಿಕ್ಕಿದ. ಆಕೆಯೊಬ್ಬಳಿಗೆ ತನ್ನ ಚಪ್ಪರದಡಿಯಲ್ಲೇ ಮಣೆ ಹಾಕಿಸುತ್ತೇನೆಂದ. ಕೆಂಚವ್ವ ತಲೆ ಎತ್ತಲಿಲ್ಲ. “ಮಣ್ಣು ನಾನೊಬ್ಳೇ ಹೊತ್ತಿಲ್ಲ ದೊರೆ” ಎಂದಳು. ಸಿಟ್ಟಿಗೆದ್ದ ಮಲ್ಲರಾಜ, ಮಣ್ಣು ಹದವಾಗಿದೆಯೆಂದು ತಾನೇ ಕೂಗಿ, ಅತಿಥಿ ದೊರೆಯ ಪೈಲ್ವಾನನಿಗೆ ಇಳಿಯಲು ಹೇಳಿದ. ಆ ಪೈಲ್ವಾನ ಕೈಕಟ್ಟಿ ನಿಂತ. “ಕಲಸಿದೋಳು ಹೇಳ್ಲಿ, ಇಳೀತೀನಿ. ನಿಮ್ಮ ಕೈಗೆ ಮಣ್ಣೇ ಅಂಟಿಲ್ವಲ್ಲ ಸ್ವಾಮಿ!” ಅತಿಥಿ ದೊರೆಯೇ ಮೊದಲು ನಕ್ಕನಂತೆ. ಪಾಳೆಯಗಾರ ಪರದೆ ಬಿಚ್ಚಿಸಿದ. ಕೇರಿಯ ಜನ ಮೆಟ್ಟಿಲು ತುಂಬಿದ ಮೇಲೆ ಕೆಂಚವ್ವ ‘ಹದ ಬಂತು’ ಎಂದು ಕೂಗಿ ಅವರ ನಡುವೆ ಹೋಗಿ ಕೂತಳು. ದ್ಯಾಮಣ್ಣ ಸೋತ. ಸೋತದ್ದನ್ನು ತಾಯಿ ಕಣ್ಣಾರೆ ನೋಡಿದಳು. ಅಂದಿನಿಂದ ಅದು ಕೆಂಚವ್ವನ ಕಣ ಎನ್ನುತ್ತಾರೆ.

ಹೊಸ ಕಟ್ಟಡ ಎದ್ದಾಗ ಆ ಒಂಬತ್ತು ಕಲ್ಲಿನ ಮೆಟ್ಟಿಲುಗಳನ್ನು ಪರಂಪರೆಯ ಹೆಸರಿನಲ್ಲಿ ಉಳಿಸಿಕೊಂಡರು. ಅಂದಕ್ಕೆ ದೀಪವನ್ನೂ ಹಾಕಿದರು. ಆದರೆ ಅವು ಈಗ ಗೋಡೆಯ ಹೊರಗಿವೆ. ಅಲ್ಲಿಂದ ಒಳಹೋಗುವ ಬಾಗಿಲಿಗೆ ಬೀಗ. ಪಂದ್ಯದ ದಿನ ಹೋದವರು ನೋಡಬಹುದು: ಬೆಳಗಿನಿಂದ ಒಳಗೆ ಗುಡಿಸಿ, ಒರೆಸಿ, ಮ್ಯಾಟ್ ಹಾಸಿದ ಹೆಂಗಸರು ಆ ಮೆಟ್ಟಿಲುಗಳ ಮೇಲೆ ಕೂತಿರುತ್ತಾರೆ. ಆಟ ಶುರುವಾಗುವ ಮುಂಚೆ ಅವರನ್ನು ಹೊರಗೆ ಕಳಿಸುವುದು ಅಲ್ಲಿಯ ನಿಯಮ. ಒಳಗೆ ಕೂಗೆದ್ದಾಗ ಅವರೆಲ್ಲ ಒಟ್ಟಿಗೆ ಗೋಡೆಯ ಕಡೆ ತಿರುಗುತ್ತಾರೆ. ಮಣ್ಣಿಗಾದರೆ ಹದ ಬಂತೇ ಎಂದು ಕಲಸಿದವಳನ್ನು ಕೇಳಬೇಕಿತ್ತು. ಮ್ಯಾಟಿಗೆ ಯಾರನ್ನೂ ಕೇಳಬೇಕಾಗಿಲ್ಲ.